ಕೇಶರಬಾಯಿಯ ದನಿ, ಸಾಯಗಾಂವದ ಎಮ್ಮೆ

ನನ್ನ ನೆಗೆಣ್ಣಿ ಕೇಶರಬಾಯಿಗೆ ಅಷ್ಟು ದೊಡ್ಡ ದನಿ ಇದೆ ಎಂಬುದು ನಮ್ಮ ಮನೆಯಲ್ಲಿ ಬಹಳ ಕಾಲ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ನಾನು, ಅಂಜನಾಬಾಯಿ, ಅವಳ ಗಂಡನ ಅಣ್ಣನ ಹೆಂಡತಿ. ಇನ್ನೊಂದು ಅವಳ ಎಮ್ಮೆ. ಅವಳ ಗಂಡ ಪಂಢರಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅವನಿಗೆ ಹೆಂಡತಿ ಮಾತಾಡಿದ್ದೂ ಒಂದೇ, ಮಾಳಿಗೆ ಮೇಲೆ ಕಾಗೆ ಕೂಗಿದ್ದೂ ಒಂದೇ.

ನಮ್ಮದು ಔರಾದ ತಾಲೂಕಿನ ಸಂತಪುರ. ಮನೆಗೆ ಹಿರಿಯರು ನಮ್ಮವರು. ಬಾಯಿಬಿಟ್ಟು ಅವರ ಹೆಸರು ಹೇಳುವ ರೂಢಿ ನನಗಿಲ್ಲ, ಬರೆಯುವುದಕ್ಕೆ ಅಡ್ಡಿಯಿಲ್ಲ: ಮಚ್ಛೇಂದ್ರ. ಬಸ್ ನಿಲ್ಲುವ ಜಾಗದ ಎದುರಿಗೆ ಅವರದೊಂದು ಆನ್‌ಲೈನ್ ಸೆಂಟರ್. ಜಾತಿ ಪ್ರಮಾಣಪತ್ರ, ಪಹಣಿ, ಬೆಳೆವಿಮೆ ಅರ್ಜಿ, ಹತ್ತನೆಯ ತರಗತಿಯ ಫಲಿತಾಂಶ, ಎಲ್ಲ ಅಲ್ಲೇ. ಪಂಢರಿ ಅವರ ತಮ್ಮ, ಹೊಲ ನೋಡಿಕೊಳ್ಳುವವನು. ಅವನ ಕೈಹಿಡಿದು ಭಾಲ್ಕಿ ಕಡೆಯ ಸಾಯಗಾಂವದಿಂದ ಬಂದವಳು ಕೇಶರಬಾಯಿ.

ನಮ್ಮ ಕಡೆ ತಮ್ಮನ ಹೆಂಡತಿ ಭಾವನ ಎದುರು ಮಾತಾಡುವುದಿಲ್ಲ. ಯಾರು ಹೇಳಿದರು, ಯಾವಾಗ ಹೇಳಿದರು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಭಾವ ಅಂಗಳಕ್ಕೆ ಕಾಲಿಟ್ಟರೆ ಸೆರಗು ತಲೆಯ ಮೇಲೆ, ದನಿ ಹೊಟ್ಟೆಯೊಳಗೆ. ರೊಟ್ಟಿ ಆಗಿದೆ ಎಂದು ತಿಳಿಸಬೇಕಾದರೂ ಕೇಶರಬಾಯಿ ನನ್ನ ಕಡೆ ತಿರುಗಿ, ಭಾವನಿಗೆ ಹೇಳು ಅಕ್ಕಾ ಎಂದು ಪಿಸುಗುಡುವಳು. ಅವರು ಅಲ್ಲೇ ಕಂಬಕ್ಕೆ ಒರಗಿ ಕೂತಿರುವರು, ಎಲ್ಲ ಕೇಳಿಸಿರುತ್ತದೆ. ಆದರೂ ನಾನು ಹೇಳುವ ತನಕ ಏಳುವುದಿಲ್ಲ. ಕೈತೊಳೆದು ಬರುತ್ತೇನೆಂದು ಹೇಳು ಎಂದು ಅವರೂ ನನಗೇ ಹೇಳುವರು. ನಾನು ಮಧ್ಯದಲ್ಲಿ ಟಪಾಲಿನವಳು, ಸಂಬಳವಿಲ್ಲದ ನೌಕರಿ.

ತಮಾಷೆಯೆಂದರೆ, ಏಪ್ರಿಲ್ ಬಂತೆಂದರೆ ಜಯಂತಿಯ ದಿನ ನಮ್ಮ ಬುದ್ಧವಿಹಾರದ ಮುಂದಿನ ಕಟ್ಟೆ ಹತ್ತಿ, ಹೆಣ್ಣುಮಕ್ಕಳು ಬಾಯಿ ತೆರೆದು ಮಾತಾಡಬೇಕು, ಆಗಲೇ ಸಮಾಜ ಮುಂದೆ ಬರುತ್ತದೆ ಎಂದು ಮೈಕಿನಲ್ಲಿ ಗುಡುಗುವವರೂ ಇವರೇ. ಕೇಶರಬಾಯಿ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುವಳು. ಮನೆಗೆ ಬಂದು, ಭಾಷಣ ಚಲೋ ಆಯಿತಂತ ಭಾವನಿಗೆ ಹೇಳು ಅಕ್ಕಾ ಎನ್ನುವಳು. ನಾನು ಅದನ್ನೂ ತಲುಪಿಸಿದ್ದೇನೆ.

ಇನ್ನು ಎಮ್ಮೆಯ ವಿಚಾರ. ಅದು ಕೇಶರಬಾಯಿಯ ತವರಿನದು. ಕರುವಾಗಿದ್ದಾಗ ಅವಳ ಅಪ್ಪ ಟೆಂಪೋದಲ್ಲಿ ಹಾಕಿ ಕಳಿಸಿದ್ದ. ಈ ಮನೆಯಲ್ಲಿ ಹೊಲ ಗಂಡಸರದು, ಸೆಂಟರ್ ನಮ್ಮವರದು, ಒಲೆ ನನ್ನದು. ಕೇಶರಬಾಯಿಯದು ಎಂದು ಬೆರಳಿಟ್ಟು ತೋರಿಸಬಹುದಾದದ್ದು ಆ ಎಮ್ಮೆ ಒಂದೇ. ಎರಡನೆಯ ಸಲ ಈದಾಗ ಕರು ಉಳಿಯಲಿಲ್ಲ. ಕರು ಸತ್ತ ಎಮ್ಮೆ ಸುಲಭಕ್ಕೆ ಹಾಲು ಇಳಿಸುವುದಿಲ್ಲ, ಕೆಚ್ಚಲು ತುಂಬಿದ್ದರೂ ಮೇಲಕ್ಕೆ ಎಳೆದುಕೊಂಡು ನಿಲ್ಲುತ್ತದೆ. ಆದರೆ ಕೇಶರಬಾಯಿ ಕೂತರೆ ಇಳಿಸುತ್ತಿತ್ತು.

ಹೇಗೆ ಇಳಿಸುತ್ತಿತ್ತು ಎಂಬುದು ನನಗೊಬ್ಬಳಿಗೆ ಗೊತ್ತು. ಕೊಟ್ಟಿಗೆಯ ಗೋಡೆಯ ಈಚೆ ಕೂತು ನಾನು ಜೋಳ ಹಸನು ಮಾಡುತ್ತಿದ್ದೆ. ಆಚೆ ಇವಳು ಎಮ್ಮೆಯನ್ನು ಬೈಯಲು ಶುರುಮಾಡುವಳು. ಅಬ್ಬಬ್ಬಾ, ಎಂಥ ಬೈಗುಳ. ಮೊದಲು ಎಮ್ಮೆಯ ಸೋಮಾರಿತನ, ಆಮೇಲೆ ಅದರ ಸೊಕ್ಕು, ಅಲ್ಲಿಂದ ಮಳೆರಾಯ, ರೇಷನ್ ಅಂಗಡಿಯವನು, ಗಂಡ ಪಂಢರಿ, ಕೊನೆಗೆ ಭಾವ. ಭಾವನ ಪಾಳಿ ಬಂದಾಗ ದನಿ ಏರುತ್ತಿತ್ತು. ಇಡೀ ದಿನ ನುಂಗಿಕೊಂಡದ್ದೆಲ್ಲ ಹೊರಗೆ ಬರುತ್ತಿತ್ತು. ಇಷ್ಟಕ್ಕೂ ಅವರು ಆ ಹೊತ್ತಿಗೆ ಸೆಂಟರಿನಲ್ಲಿ ಇರುತ್ತಿದ್ದರು, ಅದನ್ನು ನೋಡಿಕೊಂಡೇ ಬೈಯುತ್ತಿದ್ದಳು. ಅವಳ ದನಿ ಏರಿದಂತೆಲ್ಲ ಬೋಗಾಣಿಯೊಳಗೆ ಹಾಲು ಸೊರ್ ಸೊರ್ ಎಂದು ಬೀಳುತ್ತಿತ್ತು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ.

ಎರಡು ಸಾವಿರದ ಹದಿನೈದರ ಮಳೆ ನಮ್ಮ ಕಡೆ ಬರಲೇ ಇಲ್ಲ. ತೊಗರಿ ಹೂವಿಗೆ ಮೊದಲೇ ಒಣಗಿತು. ಬಾವಿ ತಳ ಕಂಡಿತು, ನೀರಿನ ಟ್ಯಾಂಕರ್ ಬಂದರೆ ಹಬ್ಬ ಬಂದಂತೆ ಓಣಿಯೇ ಓಡುತ್ತಿತ್ತು. ಬೀದರಿಗೆ ಹೋಗುವ ಬಸ್ಸಿನ ಮೇಲೆ ಹಾಸಿಗೆ ಸುರುಳಿ, ಪಾತ್ರೆ ಚೀಲ. ಬೀದರಿನಿಂದ ಮುಂದೆ ಹೈದರಾಬಾದು, ಕಟ್ಟಡದ ಕೆಲಸ. ಸಂಕ್ರಾಂತಿ ಕಳೆದ ಮೇಲೆ ಪಂಢರಿ, ಕೇಶರಬಾಯಿ, ಅವರ ಸಣ್ಣ ಮಗಳು, ಮೂವರೂ ಹೊರಟರು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕೇಶರಬಾಯಿ ನನ್ನ ಕೈ ಬಿಡಲಿಲ್ಲ.

“ಅಕ್ಕಾ, ಎಮ್ಮಿ ಮಾರಬ್ಯಾಡ್ರಿ. ಅದು ಇದ್ರ ಆ ಮನ್ಯಾಗ ನಂದೂ ಒಂದ್ ಅದ ಅಂತ ಅನಸ್ತದ. ಮಳಿ ಬಿದ್ರ ನಾ ಬರ್ತೇನಿ.”

ಮಾರುವುದಿಲ್ಲ ಎಂದೆ. ಮಾತು ಕೊಡುವುದಕ್ಕೆ ಏನು, ಬಾಯಿ ಇದ್ದರೆ ಸಾಕು. ಮರುದಿನ ನಾನು ಬೋಗಾಣಿ ಹಿಡಿದು ಕೂತರೆ ಎಮ್ಮೆ ಒಂದು ತೊಟ್ಟು ಇಳಿಸಲಿಲ್ಲ.

ಮಾಡದೆ ಬಿಟ್ಟದ್ದು ಯಾವುದೂ ಇಲ್ಲ. ಹತ್ತಿಕಾಳಿನ ಹಿಂಡಿ ಇಟ್ಟೆ, ಮೈ ತೊಳೆದೆ, ಬೆನ್ನು ತುರಿಸಿದೆ, ಹಾಡಿದೆ. ಬೈದೂ ನೋಡಿದೆ. ನನಗೇನು ಬೈಯಲು ಬರುವುದಿಲ್ಲವೇ? ಆದರೆ ಆ ಎಮ್ಮೆ, ಕಚೇರಿಯಲ್ಲಿ ಸಾಹೇಬರು ಅರ್ಜಿ ತಂದವನನ್ನು ನೋಡುತ್ತಾರಲ್ಲ, ಹಾಗೆ ನನ್ನನ್ನು ನೋಡಿ ಮುಖ ಆಚೆ ತಿರುಗಿಸಿತು. ಕೈಗೆ ಬಂದದ್ದು ಗಂಟಲು ನೆನೆಯುವಷ್ಟು ಹಾಲು. ಬಸ್ ನಿಲ್ಲುವಲ್ಲಿ ಚಹಾ ಹೋಟೆಲು ಇಟ್ಟಿರುವ ಹಬೀಬಣ್ಣ ನಮ್ಮ ಹಾಲಿಗೇ ಕಾಯುವವನು. ಖಾಲಿ ಕ್ಯಾನು ಹಿಡಿದು ಬಂದು ಖಾಲಿ ಕ್ಯಾನು ಹಿಡಿದು ಹೋದ. ಕೆಲವರು ಸೂಜಿ ಚುಚ್ಚಿ ಹಾಲು ಇಳಿಸುತ್ತಾರೆ ಎಂದು ಯಾರೋ ಹೇಳಿದರು. ಸೂಜಿ ಹಾಕಿದರೆ ಎಮ್ಮೆ ಒಳಗೇ ಹಾಳಾಗುತ್ತದೆ ಎಂದು ಕೇಶರಬಾಯಿ ಹೇಳಿಹೋಗಿದ್ದಳು, ನನಗೂ ಮನಸ್ಸು ಒಪ್ಪಲಿಲ್ಲ.

ನಮ್ಮವರು ಕೆಲವು ದಿನ ನೋಡಿದರು. ಆಮೇಲೆ ಒಂದು ಸಂಜೆ, ಹಾಲು ಕೊಡದ ಎಮ್ಮೆಗೆ ಈ ಬೇಸಿಗೆಯಲ್ಲಿ ಎಲ್ಲಿಂದ ಮೇವು ತರುವುದು ಎಂದರು. ತಪ್ಪು ಮಾತೇನಲ್ಲ. ಆ ವರ್ಷ ನಮ್ಮ ಓಣಿಯಲ್ಲಿ ಕೊಟ್ಟಿಗೆಗಳು ಒಂದೊಂದಾಗಿ ಬರಿದಾಗುತ್ತಿದ್ದವು, ಒಂದು ಹೊರೆ ಕಣಿಕೆಗೆ, ಅಂದರೆ ಒಣ ಜೋಳದ ದಂಟಿಗೆ, ಮೂರು ಊರು ತಿರುಗಬೇಕಿತ್ತು. ಔರಾದದ ದಲ್ಲಾಳಿ ಕಾಶೀರಾಮನಿಗೆ ಹೇಳಿಬಿಟ್ಟಿದ್ದೇನೆ, ಬರುವ ಶುಕ್ರವಾರ ಟೆಂಪೋ ತರುತ್ತಾನೆ, ಭಾಲ್ಕಿಯ ದನದ ಸಂತೆಗೆ ಹಾಕಿಕೊಂಡು ಹೋಗುತ್ತಾನೆ, ಕೇಶರಬಾಯಿಗೆ ನೀನು ತಿಳಿಸಿಬಿಡು ಎಂದರು. ನೀವೇ ತಿಳಿಸಿರಿ ಎಂದೆ. ನಾನು ಹ್ಯಾಗೆ ಮಾತಾಡಲಿ ಅವಳ ಹತ್ತಿರ ಎಂದು ನನ್ನನ್ನೇ ಕೇಳಿದರು. ನನಗೆ ಮೈ ಉರಿದುಹೋಯಿತು. ಅವಳ ಎಮ್ಮೆ ಮಾರಲು ಬಾಯಿ ಬರುತ್ತದೆ, ಅವಳಿಗೆ ಹೇಳಲು ಬರುವುದಿಲ್ಲ.

ಪಂಢರಿಯ ಫೋನಿಗೆ ಮಾಡಿ ಕೇಶರಬಾಯಿಗೆ ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. “ಅಕ್ಕಾ, ಎಮ್ಮಿಗಿ ಫೋನ ಕೊಡು” ಎಂದಳು.

ಕೊಟ್ಟೆವು. ಅಂದು ಹೈದರಾಬಾದಿನಲ್ಲಿ ಅವಳ ಕೆಲಸಕ್ಕೆ ರಜೆ ಇತ್ತು. ನಮ್ಮವರ ದೊಡ್ಡ ಫೋನು, ಅದನ್ನು ಅವರೇ ಎಮ್ಮೆಯ ಕಿವಿಯ ಹತ್ತಿರ ಹಿಡಿದು ನಿಂತರು. ಅವರಿಗೊಂದು ಕೆಮ್ಮು ಬಂತು ನೋಡಿ. ಆ ಕಡೆ ಕೇಶರಬಾಯಿಗೆ ಭಾವನ ಕೆಮ್ಮು ಕೇಳಿತು, ಬಾಯಿ ಬಂದಾಗಿಹೋಯಿತು. ಫೋನು ನನ್ನ ಕೈಗೆ ಕೊಟ್ಟು ಅವರು ಹೊರಗೆ ಹೋದ ಮೇಲೆ ಅವಳು ಒಂದೇ ಒಂದು ಸಲ “ಏ” ಎಂದಳು. ಅಷ್ಟಕ್ಕೇ ಎಮ್ಮೆಯ ಎರಡೂ ಕಿವಿ ನೆಟ್ಟಗಾದವು, ಕುತ್ತಿಗೆ ತಿರುಗಿಸಿ ಬಾಗಿಲ ಕಡೆ ನೋಡಿತು. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಹೋದರೆ ಹೋಗಲಿ, ಕಿವಿ ಎದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ಆದರೆ ದಿನಾ ಹೀಗೆ ಫೋನು ಹಚ್ಚುವುದು ಆಗದ ಮಾತು. ಬೆಳಿಗ್ಗೆ ಹಾಲು ಹಿಂಡುವ ಹೊತ್ತಿಗೆ ಅವಳು ಅಲ್ಲಿ ಇಟ್ಟಿಗೆ ಹೊರುತ್ತಿರುತ್ತಾಳೆ. ಆಗ ಪಂಢರಿ, ಜನ್ಮದಲ್ಲಿ ಒಮ್ಮೆ, ಉಪಯೋಗದ ಮಾತು ಹೇಳಿದ. ಅವಳ ದನಿಯನ್ನು ತನ್ನ ಫೋನಿನಲ್ಲಿ ತುಂಬಿ ವಾಟ್ಸಾಪಿನಲ್ಲಿ ಕಳಿಸುತ್ತೇನೆ, ದಿನಾ ಅದನ್ನೇ ಹಚ್ಚಿರಿ ಎಂದ. ಅದು ನಮ್ಮವರ ಫೋನಿಗೆ ಬಂತು. ಅವರ ಫೋನನ್ನು ಕೊಟ್ಟಿಗೆಯಲ್ಲಿ ಬಿಟ್ಟುಹೋಗಲು ಆಗುತ್ತದೆಯೇ? ಬೆಳಗಾದರೆ ಬೆಳೆವಿಮೆಯವರ ಕರೆ ಶುರು. ನನ್ನ ಹತ್ತಿರ ಇದ್ದದ್ದು ಬಟನ್ನಿನ ಚೈನಾ ಫೋನು. ನೋಡಲು ಸೋಪಿನ ಡಬ್ಬಿ, ಹಚ್ಚಿದರೆ ಮೂರು ಮನೆಗೆ ಕೇಳುವ ಸ್ಪೀಕರ್. ಹಾಡು ತುಂಬಿದ ಮೆಮೊರಿ ಕಾರ್ಡು ಹಾಕಿದರೆ ಹಾಡುತ್ತದೆ. ಕೇಶರಬಾಯಿಯ ದನಿಯನ್ನು ಅದೇ ಕಾರ್ಡಿಗೆ ಹಾಕಿಕೊಡಿ ಎಂದೆ. ಹಾಕಿಕೊಟ್ಟರು. ನನ್ನ ಫೋನು, ಈ ಫೈಲು ನನಗೆ ತಿಳಿಯುವುದಿಲ್ಲ ಎಂದುಬಿಟ್ಟಿತು.

ನಮ್ಮವರು ನೋಡಿದರು. ವಾಟ್ಸಾಪಿನದು ಬೇರೆ ಜಾತಿಯ ಫೈಲು, ಹೆಸರಿನ ಬಾಲದಲ್ಲಿ ಓಪಸ್ ಎಂದಿದೆ, ನಿನ್ನ ಫೋನಿಗೆ ಎಂಪಿತ್ರೀ ಬಿಟ್ಟು ಬೇರೇನೂ ಗೊತ್ತಿಲ್ಲ ಎಂದರು. ಅಷ್ಟೇ ತಾನೇ ಎಂದು ಆ ಬಾಲ ಅಳಿಸಿ ಎಂಪಿತ್ರೀ ಎಂದು ಬರೆದು ನನ್ನ ಕೈಗಿಟ್ಟರು. ಫೋನು ಮತ್ತೆ ಅದೇ ರಾಗ. ನಿಮ್ಮ ಸೆಂಟರಿನ ಮೇಲೆ ಆಸ್ಪತ್ರೆ ಎಂದು ಬೋರ್ಡು ಹಾಕಿದರೆ ಒಳಗೆ ಡಾಕ್ಟರು ಹುಟ್ಟುತ್ತಾರೆಯೇ ಎಂದೆ. ಅವರಿಗೆ ನಾಟಿತು. ಇಂಟರ್‌ನೆಟ್ಟಿನಲ್ಲಿ ಹುಡುಕಿದರು. ಒಂದು ಬಗೆಯ ಫೈಲು ಕೊಟ್ಟರೆ ಇನ್ನೊಂದು ಬಗೆಗೆ ಬದಲಿಸಿಕೊಡುವ ಜಾಗ ಅಲ್ಲಿ ಇದೆಯಂತೆ. ಫೈಲು ಏರಿಸುವುದು, ಯಾವ ಬಗೆ ಬೇಕೋ ಒತ್ತುವುದು, ಕಾಯುವುದು, ಇಳಿಸಿಕೊಳ್ಳುವುದು. ಮೊದಲ ಸಲ ಜಾಹೀರಾತಿನ ಮೇಲೆ ಒತ್ತಿ, ನೀವು ಕಾರು ಗೆದ್ದಿದ್ದೀರಿ ಎಂಬ ಸುದ್ದಿ ತಂದರು. ಎರಡನೆಯ ಸಲ ಸರಿಯಾಯಿತು. ಕಾರ್ಡು ಹಾಕಿ ಹಚ್ಚಿದರೆ ನನ್ನ ಸೋಪಿನ ಡಬ್ಬಿಯೊಳಗಿಂದ ಕೇಶರಬಾಯಿ ಮಾತಾಡಿದಳು. ನಮ್ಮವರ ಮುಖ ಅಂದು ನೋಡಬೇಕಿತ್ತು, ಬಾವಿಯಲ್ಲಿ ನೀರು ಬಂದಷ್ಟು ಖುಷಿ.

ಸಂಜೆ ಎಮ್ಮೆಯ ಮುಂದೆ ಹಚ್ಚಿದೆವು. ಬಾರವ್ವ ತಾಯಿ, ಹಾಲು ಕೊಡವ್ವ ತಾಯಿ, ನಿನಗೆ ಒಳ್ಳೆಯದಾಗಲಿ ಎಂದು ರೇಡಿಯೋದಲ್ಲಿ ಹವಾಮಾನ ಹೇಳುವವರ ಹಾಗೆ ತಣ್ಣಗೆ, ಮೆತ್ತಗೆ ಹೇಳಿದ್ದಳು. ಎಮ್ಮೆ ಕೇಳಿತು, ಬಾಲ ಬೀಸಿತು, ಬೋಗಾಣಿಗೆ ಒಂದು ಒದೆ ಕೊಟ್ಟಿತು. ದನಿ ಸ್ಪಷ್ಟ ಇದೆ, ಫೈಲು ಚೊಕ್ಕ ಇದೆ, ನನ್ನ ಕೆಲಸದಲ್ಲಿ ತಪ್ಪಿಲ್ಲ, ಎಮ್ಮೆಯದೇ ತಪ್ಪು ಎಂದು ನಮ್ಮವರು ತೀರ್ಪು ಕೊಟ್ಟರು. ಶುಕ್ರವಾರಕ್ಕೆ ಬಹಳ ದಿನ ಉಳಿದಿರಲಿಲ್ಲ.

ನಾನು ಉರುಳಿದ ಬೋಗಾಣಿಯನ್ನು ನೋಡುತ್ತ ನಿಂತಾಗ ತಲೆಗೆ ಹೊಳೆಯಿತು. ಈ ದನಿ ಆ ಎಮ್ಮೆ ಯಾವತ್ತು ಕೇಳಿದೆ? ಅದಕ್ಕೆ ಗೊತ್ತಿರುವ ಕೇಶರಬಾಯಿ ಬೈಯುವವಳು. ಭಾವನ ಫೋನಿಗೆ ಬರುವ ದನಿ ಎಂದು ಈ ಹುಚ್ಚಿ ಅಲ್ಲಿಯೂ ತಲೆ ಮೇಲೆ ಸೆರಗು ಹೊದ್ದು ಮಾತಾಡಿದ್ದಾಳೆ. ಕೂಡಲೇ ಹಬೀಬಣ್ಣನ ಹೋಟೆಲಿನ ಹಿಂದೆ ಹೋಗಿ ನಿಂತು ಅವಳಿಗೆ ಫೋನು ಮಾಡಿದೆ. ನೀನು ಹಿಂಡುವಾಗ ಹ್ಯಾಗೆ ಮಾತಾಡುತ್ತಿದ್ದೆಯೋ ಹಾಗೇ ಮಾತಾಡಿ ಕಳಿಸು, ಒಂದಕ್ಷರ ಬಿಡಬೇಡ ಎಂದೆ. ನೀನು ಕೇಳುತ್ತಿದ್ದೆಯಾ ಅಕ್ಕಾ ಎಂದಳು. ಎಲ್ಲ ಕೇಳಿದ್ದೇನೆ, ನನ್ನನ್ನು ಬೈದದ್ದನ್ನೂ ಕೇಳಿದ್ದೇನೆ ಎಂದೆ.

“ಅದು ಭಾವನ ಕಿವಿಗಿ ಬಿದ್ರ ನಾ ಆ ಮನಿಗಿ ಯಾವ ಮಾರಿ ತಗೊಂಡು ಬರ್ಲಿ ಅಕ್ಕಾ?”

ಬೀಳದಂತೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ ಎಂದೆ. ಬಹಳ ಹೊತ್ತು ಆಗದು ಎಂದಳು. ಶುಕ್ರವಾರ ಟೆಂಪೋ ಬರುತ್ತದೆ ಎಂದು ಮಾತ್ರ ನಾನು ನೆನಪು ಮಾಡಿದೆ. ಮರುದಿನ ದನಿ ಬಂತು.

ಅದು ಬರುವ ಮೊದಲೇ ನಾನು ನಮ್ಮವರ ಜೇಬಿನಿಂದ ಫೋನು ತೆಗೆದು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಸೆಂಟರಿಗೆ ಹೋಗಿ ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲೇ ಕೂತೆ. ಇದನ್ನು ಬದಲಿಸಿಕೊಡಬೇಕು, ಆದರೆ ನೀವು ಕೇಳಬಾರದು ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

“ಕೇಳದ ಹ್ಯಾಂಗ ಗೊತ್ತಾಗ್ತದ, ಸರಿ ಆಗ್ಯದೋ ಇಲ್ಲೋ?”

“ಎಮ್ಮಿ ಹೇಳ್ತದ” ಎಂದೆ.

ನಮ್ಮವರ ಬಗ್ಗೆ ಏನೇ ಅನ್ನಿ, ಮಾತಿಗೆ ತಪ್ಪುವ ಮನುಷ್ಯ ಅಲ್ಲ. ಕಂಪ್ಯೂಟರಿನ ಸ್ಪೀಕರಿನ ವಯರು ಕಿತ್ತು ನನ್ನ ಕೈಗೆ ಕೊಟ್ಟರು. ಫೋನಿನ ವಯರು ನಾನು ಹಿಡಿದೆ, ಅವರು ಹಚ್ಚಿದರು. ಫೈಲು ಏರತೊಡಗಿತು. ಹಿಂದಿನದಕ್ಕಿಂತ ಬಹಳ ದೊಡ್ಡದು. ಪರದೆಯ ಮೇಲಿನ ಹಸಿರು ಗೆರೆ ಬಸುರಿಯ ಹಾಗೆ ನಿಧಾನ ನಡೆಯಿತು. ಇನ್ನೇನು ಮುಗಿಯಿತು ಎನ್ನುವಾಗ ಕರೆಂಟು ಹೋಯಿತು. ಪಹಣಿ ತೆಗೆಸಲು ಬಂದವರು ಬೈದುಕೊಳ್ಳುತ್ತ ಹೊರಗೆ ಬೇವಿನ ನೆರಳಿಗೆ ಹೋದರು. ನಾನು ಎದ್ದೇಳಲಿಲ್ಲ. ಕರೆಂಟು ಬಂತು, ಮೊದಲಿನಿಂದ ಮತ್ತೆ.

ಕಾಯುತ್ತ ಕಾಯುತ್ತ ಅವರಿಗೆ ಒಳಗೊಳಗೇ ಕಸಿವಿಸಿ ಶುರುವಾಯಿತು. ಎಮ್ಮೆ ಹಾಲು ಇಳಿಸಲು ಇಷ್ಟು ಉದ್ದ ಏನು ಮಾತಾಡಿದ್ದಾಳೆ ಎಂದರು. ನಾನು ಕೈಯಲ್ಲಿದ್ದ ಸ್ಪೀಕರಿನ ವಯರು ಸುತ್ತತೊಡಗಿದೆ. ನನ್ನ ಹೆಸರೂ ಅದರಲ್ಲಿ ಇದೆಯೇ ಎಂದರು. ನಾನು ಬೇವಿನ ಮರ ನೋಡಿದೆ. ಅವರು ಮತ್ತೆ ಪರದೆಗೆ ತಿರುಗಿದರು. ಬದಲಾದ ಫೈಲು ಇಳಿಯಿತು, ಕಾರ್ಡಿಗೆ ಹೋಯಿತು. ಕಾರ್ಡು ನನ್ನ ಕೈಗೆ ಕೊಟ್ಟು, ನನ್ನ ಕಣ್ಣೆದುರೇ ಕಂಪ್ಯೂಟರಿನಲ್ಲಿದ್ದದ್ದನ್ನೂ ಫೋನಿನಲ್ಲಿದ್ದದ್ದನ್ನೂ ಅಳಿಸಿದರು, ಆಮೇಲೆಯೇ ನಾನು ಫೋನು ಅವರ ಜೇಬಿಗೆ ಬಿಟ್ಟೆ. ಒಂದು ಸಲವೂ ಕೇಳಲಿಲ್ಲ. ಆ ಹೊತ್ತಿಗೆ ನನಗೆ ಅವರ ಮೇಲಿನ ಸಿಟ್ಟು ಅರ್ಧ ಇಳಿದಿತ್ತು, ಇದನ್ನು ಅವರಿಗೆ ಇವತ್ತಿನವರೆಗೂ ಹೇಳಿಲ್ಲ.

ಇಷ್ಟೆಲ್ಲ ಆಗುವಷ್ಟರಲ್ಲಿ ಗುರುವಾರ ಮುಗಿದಿತ್ತು. ಶುಕ್ರವಾರ ಬೆಳಗಾಗುತ್ತಲೇ ಅವರನ್ನು ಸೆಂಟರಿಗೆ ಅಟ್ಟಿದೆ. ಕೊಟ್ಟಿಗೆಯ ಬಾಗಿಲು ಮುಂದೆ ಮಾಡಿ, ಫೋನಿನ ದನಿ ಸಣ್ಣಗೆ ಇಟ್ಟು, ಎಮ್ಮೆಯ ಹೊಟ್ಟೆಯ ಹತ್ತಿರ ಹಿಡಿದು ಹಚ್ಚಿದೆ. ಕೇಶರಬಾಯಿ ಬೈಯತೊಡಗಿದಳು. ಎಮ್ಮೆಯ ಕಿವಿ ಎದ್ದವು. ಕಾಲು ಬದಲಿಸಿತು. ಕೆಚ್ಚಲು ಮುಟ್ಟಿದೆ, ಇಲ್ಲ. ಮತ್ತೆ ಮೊದಲಿನಿಂದ ಹಚ್ಚಿದೆ, ಇಲ್ಲ. ಅವಳು ಕೂತು ಬೈದರೆ ಕೊಟ್ಟಿಗೆಯ ಗೋಡೆ ನಡುಗುತ್ತಿತ್ತು, ಈ ಪಿಸುಮಾತಿಗೆ ಅದು ಹೇಗೆ ನಂಬುತ್ತದೆ?

ಹೊರಗೆ ಟೆಂಪೋ ನಿಂತ ಸದ್ದು ಕೇಳಿತು. ಕಾಶೀರಾಮ ಬಂದಿದ್ದ. ಅವನನ್ನು ಕರೆದುಕೊಂಡು ನಮ್ಮವರೂ ಬಂದರು, ಹಿಂದೆ ಸುದ್ದಿ ಏನೆಂದು ಹಬೀಬಣ್ಣ. ಅಂಗಳದಲ್ಲಿ ಮೂವರು ಗಂಡಸರು. ಒಳಗೆ ನಾನು, ಕೈಯಲ್ಲಿ ಫೋನು. ದನಿ ಏರಿಸಿದರೆ ಕೇಶರಬಾಯಿಗೆ ಕೊಟ್ಟ ಮಾತು ಹೋಯಿತು. ಏರಿಸದಿದ್ದರೆ ಎಮ್ಮೆ ಹೋಯಿತು. ಯಾವ ಮುಖ ಹೊತ್ತು ಬರಲಿ ಎಂದು ಅವಳು ಕೇಳಿದ್ದಳು. ಎಮ್ಮೆಯೇ ಇಲ್ಲದ ಕೊಟ್ಟಿಗೆಗೆ ಅವಳು ಯಾತಕ್ಕೆ ಬರುತ್ತಾಳೆ ಎಂದು ನನಗೆ ನಾನೇ ಕೇಳಿಕೊಂಡೆ. ಬಟನ್ನು ಒತ್ತಿ ಹಿಡಿದೆ, ಕೊನೆಯವರೆಗೂ.

“ಏ ಸೊಕ್ಕಿನಾಕಿ, ನೆಟ್ಟಗ ನಿಂದ್ರು. ತಿನ್ಲಿಕ್ಕ ಮುಂದ, ಹಾಲ ಅಂದ್ರ ಹಿಂದ. ನಿಮ್ಮಪ್ಪ ಏನ್ ಬೀದರ ಕ್ವಾಟಿ ಕಟ್ಟಿಸ್ಯಾನೇನ?”

ಓಣಿಗೆಲ್ಲ ಕೇಳಿತು. ಎದುರು ಮನೆಯ ಕದ ತೆರೆದ ಸದ್ದಾಯಿತು. ಮಳೆರಾಯನ ಪಾಳಿ ಮುಗಿಯಿತು. ರೇಷನ್ ಅಂಗಡಿಯವನದು ಮುಗಿಯಿತು. ಪಂಢರಿಯದು ನಡೆಯಿತು, ಅದು ಹೊಸದಾಗಿತ್ತು, ಹೈದರಾಬಾದಿನ ಸಂಗತಿಗಳೂ ಸೇರಿದ್ದವು. ನನ್ನದೂ ಬಂತು, ಸಾರಿಗೆ ಉಪ್ಪು ಸುರಿಯುವ ವಿಚಾರ. ನಾನು ಕೆಚ್ಚಲ ಮೇಲೆ ಕೈಯಿಟ್ಟು ಕೂತಿದ್ದೆ. ಆಮೇಲೆ ಅವಳ ದನಿ ಏರಿತು.

“ಎಮ್ಮಿ ಮಾರ್ತಾರಂತ ನಮ್ಮ ಭಾವ. ಯಾರಿಗಿ ಕೇಳಿ ಮಾರ್ತಾರ? ಕಟ್ಟಿ ಮ್ಯಾಲ ನಿಂತು ಹೆಣ್ಮಕ್ಕಳು ಮಾತಾಡ್ಬೇಕು ಅಂತಾರ. ನಾ ಆ ಮನಿಗಿ ಬಂದಾಗಿಂದ ಒಂದ್ ದಿನ ನನ್ನ ದನಿ ಕೇಳ್ಯಾರೇನ? ಕೇಶರಬಾಯಿ, ನೀ ಏನಂತಿ, ಅಂತ ಒಂದ್ ಸಲ ಕೇಳ್ಯಾರೇನ? ಇಲ್ಲಿ ಇಟ್ಟಂಗಿ ಹೊರ್ಲತೀನಿ, ತಲಿ ಸುಡ್ಲತದ. ನನ್ನ ಎಮ್ಮಿ ಅದ ಅಂತ ಹೊರ್ಲತೀನಿ. ನೀನೂ ಹೋದ್ರ ನಾ ಯಾರ ಮುಂದ ಮಾತಾಡ್ಲಿ? ಇಳಸ ಹಾಲ. ಇಳಸ ಅಂದ್ರ ಇಳಸ, ನನ್ನವ್ವ.”

ನನ್ನ ಕೈಯ ಕೆಳಗೆ ಕೆಚ್ಚಲು ಬಿಗಿಯಾಯಿತು. ಹಾಲು ಇಳಿಯಿತು. ಮೊದಲ ಧಾರೆ ಬೋಗಾಣಿಯ ತಳಕ್ಕೆ ಬಡಿದ ಸದ್ದು ಆ ಓಣಿಯಲ್ಲಿ ಕೇಳದವರು ಯಾರೂ ಇರಲಿಕ್ಕಿಲ್ಲ. ಆಮೇಲೆ ನಿಲ್ಲಲೇ ಇಲ್ಲ. ನಾನು ಎರಡೂ ಕೈಯಲ್ಲಿ ಹಿಂಡುತ್ತಿದ್ದೆ, ಅಳುತ್ತಿದ್ದೆ, ನಗುತ್ತಿದ್ದೆ, ಮೂಗು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ನೊರೆ ಬೋಗಾಣಿಯ ಅಂಚು ದಾಟಿ ನನ್ನ ಸೀರೆಯ ಮೇಲೆ ಬಿತ್ತು.

ತುಂಬಿದ ಬೋಗಾಣಿ ಎತ್ತಿಕೊಂಡು ಹೊರಗೆ ಬಂದೆ. ಕಾಶೀರಾಮ ಅದನ್ನು ನೋಡಿ, ಹಾಲಿನ ಎಮ್ಮೆಯನ್ನು ಸಂತೆಗೆ ಕಳಿಸುವ ಹುಚ್ಚು ಯಾರಿಗಿದೆ, ನನ್ನ ಟೆಂಪೋದ ಎಣ್ಣೆ ಸುಟ್ಟಿರಿ ಎಂದು ಗೊಣಗಿ ಹೊರಟ. ಹಬೀಬಣ್ಣ ಕ್ಯಾನು ಮುಂದೆ ಹಿಡಿದ. ನಮ್ಮವರು ಕಂಬದ ಹತ್ತಿರ ನಿಂತಿದ್ದರು. ಮುಖ ಕೆಂಪಾಗಿತ್ತು. ಸಿಟ್ಟಿನಿಂದಲೋ ನಾಚಿಕೆಯಿಂದಲೋ ನನಗೆ ತಿಳಿಯಲಿಲ್ಲ. ತಪ್ಪು ನನ್ನದು, ಅವಳು ನಿಮಗೆ ಕೇಳಲೆಂದು ಅಂದದ್ದಲ್ಲ, ಏನಾದರೂ ಅನ್ನುವುದಿದ್ದರೆ ನನಗೆ ಅನ್ನಿ ಎಂದೆ. ಅವರು ಜೇಬಿನಿಂದ ಫೋನು ತೆಗೆದು ಪಂಢರಿಗೆ ಮಾಡಿದರು. ಅವಳಿಗೆ ಕೊಡು ಎಂದರು. ಅಣ್ಣ ಯಾರಿಗೆ ಕೊಡು ಎನ್ನುತ್ತಿದ್ದಾನೆಂದು ಪಂಢರಿಗೆ ಅರ್ಥವಾಗಲು ಎರಡು ಸಲ ಹೇಳಬೇಕಾಯಿತು.

ನಾನು ಹತ್ತಿರ ಹೋಗಿ ನಿಂತ ಮೇಲೆ ಅವರು ಫೋನಿನ ಸ್ಪೀಕರ್ ಹಾಕಿದರು. ಆ ಕಡೆ ಸಿಮೆಂಟು ಕಲಸುವ ಯಂತ್ರದ ಸದ್ದು, ಯಾರೋ ಕೂಗುವುದು. ಅವರೇ ಮೊದಲು ಮಾತಾಡಿದರು.

“ಕೇಶರಬಾಯಿ, ನಾ ಮಚ್ಛೇಂದ್ರ. ನಿನ್ನ ಎಮ್ಮಿ ಹಾಲ ಇಳಿಸ್ಯದ. ನೀ ಅಂದದ್ದೆಲ್ಲ ಕೇಳೀನಿ. ಎಮ್ಮಿ ಮಾರೋದಿಲ್ಲ. ಮುಂದ ಏನ್ ಮಾಡ್ಬೇಕು, ನೀ ಹೇಳು.”

ಯಂತ್ರದ ಸದ್ದೇ ಕೇಳುತ್ತಿತ್ತು. ಅವಳು ಫೋನು ಇಟ್ಟುಬಿಡುತ್ತಾಳೆ, ಇಲ್ಲವೇ ನನ್ನನ್ನು ಕರೆದು ಭಾವನಿಗೆ ಹೇಳು ಎನ್ನುತ್ತಾಳೆ ಎಂದುಕೊಂಡೆ. ನಾನು ಬೇಕೆಂದೇ ಉಸಿರು ಬಿಗಿಹಿಡಿದು ನಿಂತೆ, ಇದ್ದೇನೆಂದು ಗೊತ್ತಾಗಬಾರದು. ನಮ್ಮವರು ಕಾಯುತ್ತಿದ್ದರು. ಆ ಮನುಷ್ಯ ಅಷ್ಟು ಹೊತ್ತು ಸುಮ್ಮನೆ ನಿಂತು ಯಾರ ಮಾತಿಗೂ ಕಾದದ್ದನ್ನು ನಾನು ಕಂಡಿರಲಿಲ್ಲ.

“ಭಾವ” ಎಂದಳು. ದನಿ ಮೊದಲು ಒಡೆಯಿತು, ಆಮೇಲೆ ನೆಟ್ಟಗಾಯಿತು. “ಕಣಿಕಿ ಉದ್ದುದ್ದ ಹಾಕ್ಬ್ಯಾಡ್ರಿ, ತುಳದು ಹಾಳ ಮಾಡ್ತದ. ಸಣ್ಣಗ ಕಡ್ದು, ನೀರ ಚಿಮುಕ್ಸಿ ಹಾಕ್ರಿ.”

“ಹೂಂ” ಎಂದರು ಇವರು.

“ನಾಳಿ ಅಲ್ಲ. ಈಗ ಹಾಕ್ರಿ.”

ನಮ್ಮವರು ಫೋನು ನನ್ನ ಕೈಗೆ ಕೊಟ್ಟು, ಅಂಗಿಯ ತೋಳು ಮಡಚಿಕೊಂಡು, ಕುಡಗೋಲು ಎಲ್ಲಿದೆ ಎಂದು ಹುಡುಕುತ್ತ ಕೊಟ್ಟಿಗೆಯೊಳಗೆ ಹೋದರು.